ಹುಕ್ಕೇರಿಯಿಂದ ಬಂದ ಅಕ್ಕಿ

ಈ ಸಲ ದಸರೆಗೆ ಹತ್ತು ದಿನ ಮೊದಲು, ಮೈಸೂರಿನ ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಮುಂದೆ ಒಂದು ಡಬ್ಬ ಜೋಳ ಹಿಡಿದು ನಿಂತಿದ್ದೆ. ಗಿರಣಿಯವನು ಡಬ್ಬದೊಳಗೆ ಕೈಯಾಡಿಸಿ, "ರಾಗಿ ಅಲ್ವಲ್ಲಮ್ಮ ಇದು?" ಎಂದ. ಅಲ್ಲ ಎಂದೆ. "ಮನೇಲಿ ಯಾರಿಗಾದ್ರೂ ಕಾಯಿಲೆನಾ?" ಎಂದ. ಇಲ್ಲ ಎಂದೆ. ಕೇಳಿದ್ದಕ್ಕೆ ಬೇಕಾದಷ್ಟೇ ಉತ್ತರ ಕೊಡುವುದು ನನ್ನ ಅಭ್ಯಾಸ. ಆದರೆ ಬೀಸಿದ ಬಿಸಿ ಹಿಟ್ಟು ಡಬ್ಬಕ್ಕೆ ಬೀಳುವಾಗ ಎದ್ದ ಆ ವಾಸನೆಗೆ ನಗು ಬಂದುಬಿಟ್ಟಿತು. ಒಬ್ಬಳೇ ನಿಂತು ನಗುವ ಹೆಂಗಸಿನಿಂದ ಗಿರಣಿಯವನು ಸ್ವಲ್ಪ ದೂರ ಸರಿದ.

ಮೂರು ವರ್ಷದ ಹಿಂದಿನ ಸುಗ್ಗಿಯ ವಾಸನೆ ಅದು. ಆಗ ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಕೆಲಸ ಜೂನ್ ತಿಂಗಳಿಗೆ ಎಂದು ಗೊತ್ತಾಗಿತ್ತು. ಅಲ್ಲಿಯವರೆಗೆ ಸುಮ್ಮನೆ ಕುಳಿತರೆ ಯಾರಾದರೂ ಗಂಡು ತೋರಿಸಲು ಬರುತ್ತಾರೆಂಬ ಹೆದರಿಕೆಯೂ ಇತ್ತು. ನನ್ನ ಜೊತೆ ಓದಿದ ಗಂಗಾ ಗೋಕಾಕದ ಕಡೆಯವಳು. ಅವಳ ಅಜ್ಜನ ಊರು ಮೂಡಲಗಿಯಿಂದ ಒಂದು ಹರದಾರಿ. "ಸುಗ್ಗಿಗೆ ಬಾ, ಇದ್ದಷ್ಟು ದಿನ ಇರು" ಎಂದು ಅವಳು ಕರೆದಳು. ಅಪ್ಪ ಯೋಚಿಸಿ, "ಹರಿಹರದ ಹೊಳೆ ದಾಟಿದ್ರೆ ಮಹಾರಾಜರ ಸೀಮೆ ಮುಗೀತು. ಆಮೇಲೆ ಬೊಂಬಾಯಿ ಇಲಾಖೆ. ಪರದೇಶವೇ ಅನ್ನು" ಎಂದರು. ಆದರೂ ಅವರೂ ನಮ್ಮ ಹಾಗೆ ಲಿಂಗವಂತರ ಮನೆಯವರು, ಹೋಗಲಿ ಎಂದು ಒಪ್ಪಿದರು. ಅಮ್ಮ ಪರದೇಶದ ಮಾತನ್ನೇ ಹಿಡಿದು ಮೂರು ಡಬ್ಬ ಸಾರಿನ ಪುಡಿ ಕಟ್ಟಿದಳು. "ಅಲ್ಲೂ ಕನ್ನಡವೇ ಆಡೋದಮ್ಮ" ಎಂದೆ. "ಆಡಿದ್ರೇನು, ಸಾರು ಮಾಡ್ತಾರಾ?" ಎಂದಳು.

ರೈಲಿನಲ್ಲಿ ಕುಳಿತು ನೋಟುಬುಕ್ಕಿನಲ್ಲಿ ನನಗೆ ನಾನೇ ಮೂರು ಕಟ್ಟಳೆ ಬರೆದುಕೊಂಡೆ. ಯಾತ್ರಿಕಳಂತೆ ನೋಡಿ ಬರಬಾರದು, ಅಲ್ಲಿಯವಳಂತೆ ಇದ್ದು ಬರಬೇಕು ಎನ್ನುವುದು ನನ್ನ ಆಸೆ. ಆದ್ದರಿಂದ: ಕೊಟ್ಟದ್ದನ್ನು ಉಣ್ಣುವುದು, ಏನನ್ನೂ ಕೇಳದಿರುವುದು, ಮುಖದಲ್ಲಿ ಏನನ್ನೂ ತೋರಿಸದಿರುವುದು. ಓದಿ ನೋಡಿದಾಗ ಬಹಳ ಚೆನ್ನಾಗಿದೆ ಅನ್ನಿಸಿತು. ಮುಂದೆ ಆದದ್ದಕ್ಕೆಲ್ಲ ಈ ಮೂರು ಸಾಲೇ ಕಾರಣ.

ಗೋಕಾಕದಲ್ಲಿ ಗಂಗಾ ನನಗೆ ಜಲಪಾತ ತೋರಿಸಿದಳು, ತೂಗುಸೇತುವೆಯ ಮೇಲೆ ನಡೆಸಿದಳು, ಕರದಂಟು ತಿನ್ನಿಸಿದಳು. ಅಜ್ಜನ ಊರು ಮುಟ್ಟಿಸಿದ ನಾಲ್ಕನೆಯ ದಿನ ಅವಳ ಗಂಡನ ಮನೆಯಿಂದ ಕಾಗದ ಬಂತು. ಹೊರಟು ನಿಂತ ಅವಳ ಜೊತೆ ನಾನೂ ಹೊರಡುತ್ತೇನೆ ಎಂದರೆ ಅಜ್ಜ ಕೇಳಲಿಲ್ಲ. "ರಾಶಿ ಮಾಡೂದು ನೋಡಾಕ ಬಂದಾಕಿ, ಬೆಳಿ ನಿಂತಾಗ ಹೊಂಟರ ಹ್ಯಾಂಗ? ಕುಂದರು" ಎಂದ. ಕುಳಿತೆ.

ಅಜ್ಜ ಎತ್ತರದ, ಮಾತಿನ ಮನುಷ್ಯ. ಅವನಿಗೆ ಮೈಸೂರಿನ ಬಗ್ಗೆ ಬಹಳ ಸಂಶಯಗಳಿದ್ದವು.

"ತಂಗಿ, ನಿಮ್ಮ ಮಹಾರಾಜರು ದಿನಾ ಆನಿ ಮ್ಯಾಲ ಕುಂತ ಕಚೇರಿಗೆ ಹೋಗ್ತಾರಂತ, ಖರೇನ?"

"ಇಲ್ಲ ಅಜ್ಜ, ದಸರೆಗೆ ಮಾತ್ರ."

"ಹಂಗಾರ ಉಳದ ದಿನಾ ಆನಿ ಏನ ಮಾಡ್ತಾವು?"

ಇದನ್ನು ನನಗೆ ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಆಯಿ, ಅಂದರೆ ಗಂಗಾಳ ಅಜ್ಜಿ, ಗಿಡ್ಡನೆಯ ಮುದುಕಿ. ಮಾತು ಕಡಿಮೆ. ಬಂದ ದಿನವೇ ಪಡಸಾಲೆಯಲ್ಲಿ ನನಗೊಬ್ಬಳಿಗೇ ಹೊಸ ಕಂಬಳಿ ಹಾಸಿ, ಮುಂದೆ ಅಡ್ಡಣಿಗೆಯ ಮೇಲೆ ಹಿತ್ತಾಳೆ ತಾಟು ಇಟ್ಟಳು. ತಾಟಿನಲ್ಲಿ ಅನ್ನ, ಅನ್ನದ ಮೇಲೆ ಅಂಗೈಯಗಲ ತುಪ್ಪ. ಒಳಗೆ ಮನೆಯವರೆಲ್ಲ ಒಲೆಯ ಸುತ್ತ ಕುಳಿತು ಬಿಸಿ ಜೋಳದ ರೊಟ್ಟಿ, ಬದನೇಕಾಯಿ ಪಲ್ಲೆ, ಕೆಂಪು ಖಾರ, ಬೆಣ್ಣೆ ಹಾಕಿಕೊಂಡು ಉಣ್ಣುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳ ಪಡಸಾಲೆಗೆ ಕೇಳುತ್ತಿತ್ತು, ಹೆಂಚಿನಿಂದ ಎದ್ದ ವಾಸನೆ ನೇರವಾಗಿ ನನ್ನ ಕಂಬಳಿಗೇ ಬರುತ್ತಿತ್ತು. ನಾಳೆ ನನಗೂ ಕೊಡುತ್ತಾರೆ ಎಂದುಕೊಂಡೆ.

ನಾಳೆಯೂ ಅನ್ನ. ಮುಂಜಾನೆ ಹಾಲು ಅನ್ನ, ಮಧ್ಯಾಹ್ನ ಸಾರು ಅನ್ನ, ಸಂಜೆ ಮೊಸರನ್ನ. ಆ ಮನೆಯಲ್ಲಿ ಅನ್ನ ಮಾಡುತ್ತಿದ್ದದ್ದು ಹಬ್ಬಕ್ಕೊಮ್ಮೆ. ಹೀಗಾಗಿ ಅದರ ಹದ ಆಯಿಗೆ ಕೈವಶವಾಗಿರಲಿಲ್ಲ. ಒಂದು ದಿನ ಗಂಜಿಯಂತೆ, ಇನ್ನೊಂದು ದಿನ ಕಣಕದಂತೆ. ನನ್ನ ಮೊದಲ ಕಟ್ಟಳೆಯಂತೆ ಒಂದು ಅಗುಳೂ ಬಿಡದೆ ಉಣ್ಣುತ್ತಿದ್ದೆ. ತಾಟು ಖಾಲಿಯಾದದ್ದನ್ನು ನೋಡಿ ಆಯಿ ಅಜ್ಜನಿಗೆ ಹೇಳುತ್ತಿದ್ದಳು: "ನೋಡ್ರಿ, ಅನ್ನ ಅಂದ್ರ ಜೀವ ಇಕಿಗೆ. ಮೈಸೂರ ಮಂದಿಗೆ ಅನ್ನ ಇಲ್ಲದ ಒಂದ ಹೊತ್ತ ನಡಿಯಂಗಿಲ್ಲ."

ಮೈಸೂರಿನ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ರಾಗಿ ಮುದ್ದೆ. ಇದನ್ನು ನಾನು ಹೇಳಲಿಲ್ಲ. ಯಾರೂ ಕೇಳಿರಲಿಲ್ಲವಲ್ಲ.

ಹದಿನೈದು ದಿನದಲ್ಲಿ ಊರಿನವರು ನನಗೆ ಅನ್ನದ ಅಕ್ಕಾರು ಎಂದು ಹೆಸರಿಟ್ಟಿದ್ದರು. ನೀರಿಗೆ ಹೋದರೆ ಬಾವಿಯ ಹೆಂಗಸರು ನನ್ನ ಕೈ ಮುಟ್ಟಿ ನೋಡಿ, "ಅನ್ನ ಉಂಡ ಮೈ, ಹೆಂಗ ಮೆತ್ತಗೈತಿ ನೋಡ" ಎನ್ನುತ್ತಿದ್ದರು. ಮದುವೆ ಯಾಕಾಗಿಲ್ಲ, ಹಲ್ಲು ಎಲ್ಲ ನಿನ್ನವೇನ, ಓದಿ ಏನ ಮಾಡಾಕಿ ಎಂದೆಲ್ಲ ಕೇಳುತ್ತಿದ್ದರು. ಎಲ್ಲವನ್ನೂ ಕೇಳುತ್ತಿದ್ದ ಆ ಊರಿನಲ್ಲಿ ನನಗೆ ರೊಟ್ಟಿ ಬೇಕೇನು ಎಂದು ಮಾತ್ರ ಯಾರೂ ಕೇಳಲಿಲ್ಲ.

ಕಮಳವ್ವ ಕೇಳಿದಳು. ಅವಳು ಅಜ್ಜನ ತಮ್ಮನ ಹೆಂಡತಿ, ಆಯಿಗೆ ನೆಗೆಣ್ಣಿ. ಇಬ್ಬರ ಮನೆಗೆ ಒಂದೇ ಗೋಡೆ, ಹೊಲಗಳಿಗೆ ಒಂದೇ ಬದು. ಆದರೆ ಎಂಟು ವರ್ಷದಿಂದ ಇಬ್ಬರಲ್ಲೂ ಮಾತಿಲ್ಲ. ಮನೆಯ ಒಂದು ಮದುವೆಯಲ್ಲಿ ಆಯಿ ಮಾಡಿಸಿದ್ದ ಗೋಧಿ ಹುಗ್ಗಿಯನ್ನು ಬಾಯಿಗೆ ಹಾಕಿಕೊಂಡು ಕಮಳವ್ವ, ಬೀಗರ ಎದುರಿಗೆ, "ತುಸು ತೆಳ್ಳಗಾಗೈತಿ" ಎಂದಿದ್ದಳಂತೆ. ಆವತ್ತಿನಿಂದ ಆಯಿ ಅವಳ ಕಡೆ ತಿರುಗಿಯೂ ನೋಡಿರಲಿಲ್ಲ. ಅವಳ ವಿಷಯ ಬಂದರೆ "ಆ ಕಡೆ ಮನಿಯಾಕಿ" ಎನ್ನುತ್ತಿದ್ದಳು.

ಮಾಘದ ಚಳಿಗಾಳಿ. ಗಂಡಸರು ಜೋಳ ಕಿತ್ತು ಸಾಲಾಗಿ ಕೆಡವಿದರೆ ಹೆಂಗಸರು ಕುಳಿತು ತೆನೆ ಮುರಿಯುತ್ತಿದ್ದರು. ನಾನೂ ಹೋಗಿ ಕೂರುತ್ತಿದ್ದೆ. ಅವರು ಹತ್ತು ತೆನೆ ಮುರಿಯುವ ಹೊತ್ತಿಗೆ ನಾನು ಒಂದು. ಒಂದು ದಿನ ಬದುವಿನ ಬಳಿ ಕಮಳವ್ವ ಬುತ್ತಿ ಬಿಚ್ಚಿದ್ದಳು. ನಾನು ನಿಂತು ನೋಡಿದೆನೆಂದು ಕಾಣುತ್ತದೆ.

"ಬಾ ಇಲ್ಲೆ, ಮೈಸೂರ ತಂಗಿ. ಏನ ಹಂಗ ನೋಡಾಕತ್ತಿ? ರೊಟ್ಟಿ ಯಾವಾಗೂ ನೋಡಿಲ್ಲೇನ?"

"ನೋಡಿದ್ದೇನೆ. ದಿನವೂ ನೋಡ್ತೀನಿ."

"ತಿಂದಿಲ್ಲ?"

"ಇಲ್ಲ."

"ಅಯ್ಯ ಶಿವನ! ಆ ಕಡೆ ಮನಿಯಾಗ ರೊಟ್ಟಿ ಹಾಕೂದಿಲ್ಲ?" ಅವಳ ಮುಖದಲ್ಲಿ ಎಂಟು ವರ್ಷದ ಬಾಕಿ ಸಂತೋಷವೆಲ್ಲ ಒಮ್ಮೆಲೇ ಕಂಡಿತು. "ಕುಂದರು, ಕುಂದರು."

ಒಂದು ರೊಟ್ಟಿ, ಅದರ ಮೇಲೆ ಪಲ್ಲೆ, ಶೇಂಗಾ ಹಿಂಡಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ಮೊದಲ ತುತ್ತಿಗೇ ಖಾರಕ್ಕೆ ಕಣ್ಣಲ್ಲಿ ನೀರು ಬಂತು.

"ಅಳಾಕತ್ತಿಯೇನ?"

"ಇಲ್ಲ. ಚೆನ್ನಾಗಿದೆ" ಎಂದು ಇನ್ನೊಂದು ತೆಗೆದುಕೊಂಡೆ. ಕೇಳದೆ ತೆಗೆದುಕೊಂಡದ್ದರಿಂದ ಎರಡನೆಯ ಕಟ್ಟಳೆ ಮುರಿಯಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಂದಿನಿಂದ ದಿನವೂ ಬದುವಿನ ಬಳಿ ಊಟ. ಆಮೇಲೆ ಮನೆಗೆ ಬಂದು ಕಂಬಳಿಯ ಮೇಲೆ ಕುಳಿತು, ಅದೇ ಹೊಟ್ಟೆಗೆ ಅನ್ನ. ಮೂರು ವಾರದಲ್ಲಿ ನನ್ನ ರವಿಕೆಗಳು ಬಿಗಿಯಾದವು. ಆಯಿಗೆ ಅದು ಹುಕ್ಕೇರಿ ಅಕ್ಕಿಯ ಗುಣವಾಗಿ ಕಂಡಿತು.

ಹುಕ್ಕೇರಿಯ ಸಂಗತಿ ನನಗೆ ತಿಳಿದದ್ದೂ ಬದುವಿನ ಬಳಿಯೇ. ನಾನು ಬಂದ ಮೇಲೆ ಅಜ್ಜ ಎರಡು ಸಲ "ಹುಕ್ಕೇರಿಗೆ ಕೊಟ್ಟ ಮಗಳನ್ನ ನೋಡಿ ಬರತೇನಿ" ಎಂದು ಗಾಡಿ ಹೂಡಿಕೊಂಡು ಹೋಗಿದ್ದ. ಹೋದರೆ ನಾಲ್ಕು ದಿನ. ಎಂಥ ಅಕ್ಕರೆಯ ತಂದೆ ಎಂದು ನಾನು ನೋಟುಬುಕ್ಕಿನಲ್ಲೂ ಬರೆದಿದ್ದೆ.

"ಮಗಳನ್ನ ನೋಡಾಕಲ್ಲವಾ, ನಿನ್ನ ಅಕ್ಕಿ ತರಾಕ" ಎಂದಳು ಕಮಳವ್ವ. "ದಡ್ಡಿ ಅಂತ ಊರೈತಲ್ಲ, ಆ ಕಡೆ ಅಕ್ಕಿ ಬರತೈತಿ ಹುಕ್ಕೇರಿ ಬೀಗರ ಮನಿಗೆ. ಗೋಕಾಕ ಪ್ಯಾಟಿ ಅಕ್ಕಿ ಹಾಕಿದರ ಮೈಸೂರ ಮಂದಿ ಏನಂದಾರು ಅಂತ ಆ ಕಡೆ ಮನಿಯಾಕಿ ಹಟ. ಇರೂದ ಒಂದ ಜೋಡಿ ಎತ್ತು. ಅವು ಹುಕ್ಕೇರಿಗೆ ಹೋದರ ಹಂತಿ ಹೊಡಿಯಾಕ ಏನೈತಿ? ಎಲ್ಲಾರ ರಾಶಿ ಮುಗದ್ವು. ನಿಮ್ಮದ ಕಣದಾಗ ಹಂಗ ಬಿದ್ದೈತಿ."

ಹಂತಿ ಎಂದರೆ ಕಣದ ನಡುವೆ ಕಂಬ ನೆಟ್ಟು, ತೆನೆ ಹರವಿ, ಅದರ ಮೇಲೆ ಎತ್ತುಗಳನ್ನು ಸುತ್ತ ಓಡಾಡಿಸಿ ಕಾಳು ಬಿಡಿಸುವುದು. ನಮ್ಮ ಕಣದಲ್ಲಿ ತೆನೆಗಳು ಹತ್ತು ದಿನದಿಂದ ಹಾಗೆಯೇ ಬಿದ್ದಿದ್ದನ್ನು ನಾನು ನೋಡಿದ್ದೆ. ಒಣಗಲು ಬಿಟ್ಟಿದ್ದಾರೆ ಎಂದುಕೊಂಡಿದ್ದೆ.

ಆ ದಿನ ಮೊದಲ ಬಾರಿಗೆ ಬಾಯಿ ಬಿಟ್ಟೆ. "ಆಯಿ, ನನಗೆ ಅನ್ನವೇ ಬೇಕಂತಿಲ್ಲ. ನೀವು ತಿನ್ನೋದನ್ನೇ ಕೊಡಿ."

ಆಯಿಗೆ ಕಣ್ಣು ತುಂಬಿ ಬಂತು. "ಏನ ಸಂಕೋಚದ ಹುಡಿಗಿ" ಎಂದು ಇನ್ನೆರಡು ಸೌಟು ಅನ್ನ ಹಾಕಿದಳು.

ಕಡೆಗೆ ಕಣದಲ್ಲಿ ಹಂತಿ ಶುರುವಾಯಿತು. ಎರಡನೆಯ ದಿನ ಮಧ್ಯಾಹ್ನ ಪಶ್ಚಿಮಕ್ಕೆ ಮೋಡ ಎದ್ದಿತು. ಆ ತಿಂಗಳಲ್ಲಿ ಮಳೆ ಬರಬಾರದು. ಬಂದರೆ ಕಾಳು ಕಪ್ಪಾಗುತ್ತದೆ, ವರ್ಷದ ರೊಟ್ಟಿ ಹೋಗುತ್ತದೆ. ಅಜ್ಜ ಹತ್ತು ಸುತ್ತಿಗೊಮ್ಮೆ ಆಕಾಶ ನೋಡುತ್ತಿದ್ದ. ಆಯಿ ಬುತ್ತಿ ತಂದಿದ್ದಳು. ಎಲ್ಲರಿಗೂ ರೊಟ್ಟಿ ಹಂಚಿ, ನನಗೆಂದು ಬಟ್ಟೆ ಮುಚ್ಚಿ ತಂದ ಹಿತ್ತಾಳೆ ತಾಟನ್ನು ನನ್ನ ಮುಂದಿಟ್ಟಳು. ಮನೆಯಲ್ಲಿದ್ದ ಕೊನೆಯ ಅಕ್ಕಿಯ ಅನ್ನ ಅದು.

ಅಷ್ಟರಲ್ಲಿ ಕಮಳವ್ವ ತನ್ನ ಬುತ್ತಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬದು ದಾಟಿ ಬಂದಳು. ಆಯಿಯನ್ನು ನೋಡದೆ, ಮೋಡ ನೋಡುತ್ತ, ಗಟ್ಟಿಯಾಗಿ ಹೇಳಿದಳು: "ಯಾಕ ತಂಗಿ, ಇವತ್ತ ಬರಲೇ ಇಲ್ಲಲ್ಲ? ದಿನಾ ನಮ್ಮ ಬುತ್ತಿಯಾಗ ಎರಡ ರೊಟ್ಟಿ ತಿನ್ನಾಕಿ, ಇವತ್ತ ಹಸಗೊಂಡ ಕುಂತಿ. ತಗೋ, ಆರಾಕತ್ತಾವು."

ಕಣದಲ್ಲಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು.

ಆಯಿ ನನ್ನ ಕಡೆ ತಿರುಗಿದಳು. "ದಿನಾ ಎರಡ?"

"ಕೆಲವು ದಿನ ಮೂರು" ಎಂದೆ. ಸರಿಯಾದ ಲೆಕ್ಕ ಹೇಳುವ ನನ್ನ ಚಟ ನನಗೆ ಅಷ್ಟು ಕೇಡು ಮಾಡಿದ್ದು ಅದೊಂದೇ ಸಲ.

ಆಯಿಯ ಮುಖ ಸಣ್ಣದಾಯಿತು. ಗಂಡನ ಕಡೆ ತಿರುಗಿ, "ಕೇಳಿದ್ರೇನ್ರಿ? ನಮ್ಮ ಮನಿಗೆ ಬಂದ ಪಾವಣ್ಯಾರು ಹಸಗೊಂಡ ಮಂದಿ ಬುತ್ತಿ ಉಣ್ಣಾಕತ್ತಾರಂತ. ಹಂತಿ ಬಿಡ್ರಿ. ಗಾಡಿ ಹೂಡ್ರಿ. ಹುಕ್ಕೇರಿಗೆ ಹೋಗಿ ಈ ಸಲ ಎರಡ ಚೀಲ ತರ್ರಿ" ಎಂದಳು.

"ಮೋಡ ಕಟ್ಟೈತಲ್ಲ. ರಾಶಿ ತೋಯ್ದರ..."

"ತೋಯಲಿ! ಜ್ವಾಳ ಮುಂದಿನ ವರ್ಷನೂ ಬೆಳಿತೈತಿ. ಇಕಿ ನಾಳೆ ಊರಿಗೆ ಹೋಗಿ ಏನ ಹೇಳತಾಳ? ಮೂಡಲಗಿ ಮಂದಿ ಹೊಟ್ಟಿಗೆ ಹಾಕಲಿಲ್ಲ ಅಂತ ಹೇಳೂದಿಲ್ಲ?"

 ಅಜ್ಜ, ಐವತ್ತು ವರ್ಷ ಆ ಹೆಂಗಸಿನ ಜೊತೆ ಬಾಳಿದವನ ಹಾಗೆ, ಸುಮ್ಮನೆ ಹೋಗಿ ಎತ್ತಿನ ಹಗ್ಗ ಬಿಚ್ಚತೊಡಗಿದ. ಅವನ ಹಿಂದೆ ಮೋಡ ಇನ್ನೂ ಒಂದು ಕೈ ಮೇಲೆದ್ದಿತ್ತು.

ನಾನು ಎದ್ದು ನಿಂತೆ. ಅಷ್ಟು ಜನರ ಮುಂದೆ ನಾನು ಅದುವರೆಗೆ ಮಾತಾಡಿದವಳಲ್ಲ.

"ಬಿಚ್ಚಬೇಡಿ ಅಜ್ಜ. ಆಯಿ, ನನಗೆ ಹೊಟ್ಟೆ ತುಂಬದೆ ಹೋದದ್ದಲ್ಲ. ಬಂದ ದಿನದಿಂದ ನಿಮ್ಮ ರೊಟ್ಟಿಯ ಮೇಲೇ ನನ್ನ ಆಸೆ. ಕೇಳೋಕೆ ನಾಚಿಕೆಯಾಯ್ತು. ಕೊಟ್ಟಿದ್ದನ್ನ ಬಿಟ್ಟರೆ ನಿಮಗೆ ಬೇಜಾರಾಗುತ್ತೆ ಅಂತ ಅನ್ನ ಉಂಡೆ. ನಮ್ಮನೇಲೂ ಮೂರು ಹೊತ್ತು ಅನ್ನ ಇಲ್ಲ. ರಾತ್ರಿ ಮುದ್ದೆ."

"ಮುದ್ದಿ ಅಂದ್ರ?" ಎಂದ ಅಜ್ಜ, ಹಗ್ಗ ಕೈಯಲ್ಲೇ ಇತ್ತು.

ಎರಡೂ ಕೈಯಿಂದ ಗಾತ್ರ ತೋರಿಸಿದೆ. "ರಾಗಿ ಹಿಟ್ಟಿನದು."

"ಅಷ್ಟ ದೊಡ್ಡದ ಹ್ಯಾಂಗ ಅಗಿತೀರಿ?"

"ಅಗಿಯಲ್ಲ. ಮುರಿದು ಮುರಿದು ನುಂಗ್ತೀವಿ."

"ಅಯ್ಯ ಪಾಪ" ಎಂದಳು ಕಮಳವ್ವ, ನಿಜವಾಗಿಯೂ ಮರುಗಿ.

ಅಜ್ಜ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಅಂದ್ರ ನಾ ಎರಡ ಸಲ ಹುಕ್ಕೇರಿಗೆ ಹೋಗಿದ್ದು..." ಎಂದು ಶುರು ಮಾಡಿ, ಮುಗಿಸಲಾಗದೆ, ತೆನೆಯ ಮೇಲೆ ಕುಳಿತುಕೊಂಡು ನಗತೊಡಗಿದ. ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ನನ್ನ ಮುಂದಿದ್ದ ತಾಟನ್ನು ಎತ್ತಿಕೊಂಡಳು. ಎತ್ತಿಕೊಂಡು, ಎಂಟು ವರ್ಷದಲ್ಲಿ ಮೊದಲ ಸಲ, ಕಮಳವ್ವನ ಕಡೆ ತಿರುಗಿದಳು.

"ತಗೋ. ದಡ್ಡಿ ಅಕ್ಕಿ. ಚೆಲ್ಲಾಕ ಬರೂದಿಲ್ಲ."

ಕಮಳವ್ವ ಸೆರಗು ಸರಿಮಾಡಿಕೊಂಡು ಕುಳಿತಳು. ತನ್ನ ಬುಟ್ಟಿಯನ್ನು ಆಯಿಯ ಮುಂದೆ ಸರಿಸಿದಳು. ಒಂದು ತುತ್ತು ಬಾಯಿಗಿಟ್ಟಳು. ನಾವೆಲ್ಲ ಅವಳ ಬಾಯನ್ನೇ ನೋಡುತ್ತಿದ್ದೆವು.

"ಹ್ಯಾಂಗೈತಿ?" ಎಂದ ಅಜ್ಜ.

"ಚಲೋ ಐತ್ರಿ, ಬಾವಾರ" ಎಂದಳು. ಅಷ್ಟಕ್ಕೇ ಬಿಡಬೇಕೆಂದು ಅವಳು ಬಹಳ ಪ್ರಯತ್ನಪಟ್ಟದ್ದು ಕಾಣುತ್ತಿತ್ತು. ಆಗಲಿಲ್ಲ. "ತುಸು ಮೆತ್ತಗಾಗೈತಿ."

ಅಜ್ಜನ ನಗು ನಿಂತುಹೋಯಿತು. ಆಯಿ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಮುರಿದು, ಪಲ್ಲೆಯಲ್ಲಿ ಅದ್ದಿ, ನಿಧಾನವಾಗಿ ಅಗಿದಳು.

"ಪಲ್ಲೆಕ್ಕ ಉಪ್ಪ ಮರತಿ" ಎಂದಳು. ಉಳಿದ ರೊಟ್ಟಿಯನ್ನೂ ತಿಂದಳು.

ಊಟವಾದ ಮೇಲೆ ಕಮಳವ್ವನ ಮನೆಯ ಎತ್ತುಗಳೂ ನಮ್ಮ ಕಣಕ್ಕೆ ಬಂದವು. ಎರಡು ಜೋಡಿ ಸುತ್ತಿದವು. ಸಂಜೆಯ ಹೊತ್ತಿಗೆ ಕಾಳು ತೂರಿ ಚೀಲಕ್ಕೆ ತುಂಬಿಯಾಗಿತ್ತು. ಕೊನೆಯ ಚೀಲ ಮನೆ ಸೇರಿದ ಮೇಲೆ ನಾಲ್ಕು ಹನಿ ಬಿದ್ದು ಮೋಡ ಚದುರಿತು. ಅಷ್ಟು ಮಳೆಗೆ ಆ ಗಡಿಬಿಡಿ ಬೇಕಿರಲಿಲ್ಲ ಎಂದು ಅಜ್ಜ ಮಾತ್ರ ಗೊಣಗಿದ.

ಮರುದಿನದಿಂದ ಪಡಸಾಲೆಯ ಕಂಬಳಿ ಮಾಯವಾಯಿತು. ಅಡ್ಡಣಿಗೆಯೂ ಹೋಯಿತು. ನಾನು ಒಲೆಯ ಮುಂದೆ ಕುಳಿತು ರೊಟ್ಟಿ ತಿಂದೆ. ಅದರ ಜೊತೆ "ಏ ಮೈಸೂರ, ಎಮ್ಮಿಗೆ ನೀರ ಇಡು", "ಏ ಮೈಸೂರ, ಕಸಬರಿಗಿ ಎಲ್ಲಿ ಒಗದಿ?" ಎನ್ನುವುದೂ ಶುರುವಾಯಿತು. ಪರದೇಶದಲ್ಲಿ ಬೈಸಿಕೊಳ್ಳುವಷ್ಟು ಹತ್ತಿರವಾಗಲು ನನಗೆ ಒಂದೂವರೆ ತಿಂಗಳು ಹಿಡಿದಿತ್ತು. ರೊಟ್ಟಿ ಬಡಿಯಲು ಕಲಿತೆ. ನನ್ನ ಮೊದಲ ರೊಟ್ಟಿಯನ್ನು ಆಯಿ ಬೆಳಕಿಗೆ ಹಿಡಿದು ನೋಡಿ, "ಎಮ್ಮಿಗೆ ಹಾಕು. ಯಾರ ಮಾಡಿದ್ದು ಅಂತ ಅದಕ್ಕ ಹೇಳಬ್ಯಾಡ" ಎಂದಳು. ಇಪ್ಪತ್ತನೆಯ ರೊಟ್ಟಿಯನ್ನು ಅವಳೇ ತಿಂದಳು, ಏನೂ ಅನ್ನಲಿಲ್ಲ. ಹೊರಡುವ ದಿನ ಉಡಿ ತುಂಬಿ, ಬಟ್ಟೆಯಲ್ಲಿ ಕಟ್ಟಿದ ಒಣ ರೊಟ್ಟಿಯ ಗಂಟು ಕೊಟ್ಟಳು. ಸಾರಿನ ಪುಡಿಯ ಮೂರು ಡಬ್ಬದಲ್ಲಿ ಒಂದನ್ನು ಕಮಳವ್ವ ಇಟ್ಟುಕೊಂಡಳು. ಅದನ್ನು ಅವಳು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು.

ಈಗ ಅಜ್ಜ, ಆಯಿ ದಸರೆ ನೋಡಲು ಬರುವವರಿದ್ದರು. ಅದಕ್ಕೇ ಆ ಜೋಳ, ಆ ಗಿರಣಿ.

ಬಂದರು. ನಾನು ಅಮ್ಮನನ್ನು ಅಡಿಗೆಮನೆಯಿಂದ ದೂರವಿಟ್ಟೆ. "ಅವರಿಗೆ ರೊಟ್ಟಿ ಇಲ್ಲದೆ ಆಗಲ್ಲ, ನಾನೇ ಮಾಡ್ತೀನಿ" ಎಂದೆ. ಇಲ್ಲಿಯ ಜೋಳಕ್ಕೆ ಜಿಗಿ ಇಲ್ಲ. ಬಡಿದರೆ ಒಡೆಯುತ್ತದೆ. ಆದರೂ ಮುಂಜಾನೆ ಎದ್ದು, ಬಿಸಿನೀರು ಹಾಕಿ ನಾದಿ, ಮೂರು ಹೊತ್ತೂ ಬಡಿದೆ. ಅಂಗೈ ಕೆಂಪಾಯಿತು. ಇಬ್ಬರೂ ಒಂದು ಚೂರೂ ಬಿಡದೆ ತಿಂದರು. ಎರಡನೆಯ ದಿನ ಅಜ್ಜ ಆನೆಗಳನ್ನು ನೋಡಿ ಬಂದು ಕುಳಿತ.

"ಉಳದ ದಿನಾ ಏನ ಮಾಡ್ತಾವು ಅಂತ ಗೊತ್ತಾಯ್ತಾ ಅಜ್ಜ?"

"ಉಣತಾವು" ಎಂದ. "ಆನಿಗೂ ಅನ್ನದ ಉಂಡಿ ಮಾಡಿ ಹಾಕ್ತಾರ ಇಲ್ಲೆ." ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಹೌದು, ಬೆಲ್ಲವನ್ನೂ ಹಾಕುತ್ತಾರೆ ಎಂದು ಹೇಳಿ, ಇನ್ನೆರಡು ರೊಟ್ಟಿ ಬಡಿಯಲು ಒಳಗೆ ಹೋದೆ.

ನಾಲ್ಕನೆಯ ದಿನ ಮಧ್ಯಾಹ್ನ ರೊಟ್ಟಿ ಆರುತ್ತಿತ್ತು, ಇಬ್ಬರೂ ಕಾಣಲಿಲ್ಲ. ಹಿತ್ತಲಿಗೆ ಹೋಗಿ ನೋಡಿದೆ. ಪಕ್ಕದ ಮನೆಯ ಪುಟ್ಟಮ್ಮನವರ ಹಿಂದಿನ ಜಗಲಿಯ ಮೇಲೆ ಅಜ್ಜ, ಆಯಿ ಅಕ್ಕಪಕ್ಕ ಕುಳಿತಿದ್ದರು. ಇಬ್ಬರ ಮುಂದೆಯೂ ಬಾಳೆಎಲೆ. ಎಲೆಯ ತುಂಬ ಬಿಳಿ ಅನ್ನ, ಹುಳಿ. ಅಜ್ಜನ ಮುಂಗೈವರೆಗೆ ಹುಳಿ ಇಳಿದಿತ್ತು. ಪುಟ್ಟಮ್ಮನವರು ಸೌಟು ಹಿಡಿದುಕೊಂಡು ನನ್ನನ್ನು ನೋಡಿದರು. ಅವರ ಮುಖದಲ್ಲಿ, ಮೂರು ವರ್ಷದ ಹಿಂದೆ ಬದುವಿನ ಬಳಿ ಕಂಡಿದ್ದ ಸಂತೋಷವೇ ಇತ್ತು. "ಪಾಪ, ದೂರದಿಂದ ಬಂದೋರು" ಎಂದರು. ಸಂಜೆಯೊಳಗೆ ಇದು ಬೀದಿಗೆಲ್ಲ ತಿಳಿಯುತ್ತದೆ ಎಂದು ನನಗೆ ಗೊತ್ತಾಯಿತು.

ಅಜ್ಜ ತಲೆ ಎತ್ತಲಿಲ್ಲ. ಆಯಿ ಮಾತ್ರ ಕೈಯಾಡಿಸಿ ನನ್ನನ್ನು ಹತ್ತಿರ ಕರೆದಳು.

"ನೀ ಅಷ್ಟ ಕಷ್ಟಪಟ್ಟ ಬಡೀತಿದ್ದಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲವಾ" ಎಂದಳು. ಆಮೇಲೆ ಪುಟ್ಟಮ್ಮನವರು ಹುಳಿ ತರಲು ಒಳಗೆ ಹೋದದ್ದನ್ನು ನೋಡಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿ, ದನಿ ಇಳಿಸಿದಳು.

"ಅನ್ನ ತುಸು ಮೆತ್ತಗಾಗೈತಿ. ರಾತ್ರಿಗೆ ನೀ ಮಾಡು."